ಸ್ವಾವಲಂಬನೆಯ ಜಮಾ-ಖರ್ಚು

ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮೇಲೆ ಬರುವ ಒಂದು ರವಿವಾರ, ಉತ್ತೀರ್ಣರಾದ ನಮ್ಮ ಸಮಾಜದ ಬಾಲಕ ಬಾಲಕಿಯರನ್ನು ಉಗಾರ ಖುರ್ದದ ಬಸದಿಯ ಆವಾರದಲ್ಲಿ ಸತ್ಕರಿಸುವ ರೂಢಿ ನಮ್ಮಲ್ಲಿದೆ. ಒಂದು ಶ್ರೀಫಲ, ಒಂದು ಸ್ವಾಧ್ಯಾಯ ಗ್ರಂಥ, ವಿದ್ಯಾನಿಧಿಯಿಂದ ಒಂದು ಪಾಕೀಟು. ತರುವಾಯ ಹಿರಿಯರೊಬ್ಬರ ಹಿತವಚನ. ಸೂರ್ಯಾಸ್ತಕ್ಕೆ ಮೊದಲು ಸಹಭೋಜನ. ಹಿತವಚನದ ಭಾರ ಹಲವು ವರ್ಷಗಳಿಂದ ನನ್ನ ಮೇಲೆ ಬಿದ್ದಿದೆ. ಬಿ.ಕಾಂ. ಪದವೀಧರನೆಂಬ ಕಾರಣಕ್ಕೋ, ಶಾಸ್ತ್ರಗ್ರಂಥಗಳ ಕೆಲವು ಹಾಳೆಗಳನ್ನು ತಿರುವಿ ಹಾಕಿದವನೆಂಬ ಕಾರಣಕ್ಕೋ, ಅಥವಾ ಅಂಗಡಿಯ ಗಾದಿಯನ್ನು ಮಗನಿಗೆ ಒಪ್ಪಿಸಿ ಕುಳಿತ ನನ್ನ ಬಳಿ ವೇಳೆ ಧಾರಾಳವಾಗಿದೆಯೆಂಬ ಕಾರಣಕ್ಕೋ, ತಿಳಿಯದು. ಮೂರನೆಯದೇ ನಿಜವಿರಬೇಕು.

ನನ್ನ ವಿಷಯ ಯಾವಾಗಲೂ ಒಂದೇ, ಸ್ವಾವಲಂಬನೆ. ಕುಂಭೋಜದ ನಮ್ಮ ಕರ್ಮವೀರ ಭಾವುರಾವ ಪಾಟೀಲರ ಉದಾಹರಣೆ, ಬಳಿಕ ನನ್ನ ಸ್ವಂತ ಜೀವನದ ಒಂದು ಪ್ರಸಂಗ, ಕೊನೆಗೆ 'ಯಾರ ಮುಂದೆಯೂ ಕೈ ಚಾಚಬೇಡಿರಿ' ಎಂಬ ಬೋಧೆ. 2024ನೆಯ ಇಸವಿಯ ಸಮಾರಂಭದಲ್ಲಿಯೂ ಇದೇ ಕ್ರಮದಲ್ಲಿ ಅರ್ಧ ತಾಸು ಮಾತನಾಡಿ ಕೆಳಗಿಳಿದೆ. ಚಪ್ಪಾಳೆಯೂ ಆಯಿತು. ಪಂಗತಿಗೆ ತಾಟು ಹಾಕುತ್ತಿದ್ದ ಒಬ್ಬ ಬಾಲಕಿ ನನ್ನ ಹತ್ತಿರ ಬಂದು ನಿಂತಳು. ಆ ದಿನ ಸತ್ಕಾರ ಹೊಂದಿದವರಲ್ಲಿ ಅವಳೂ ಒಬ್ಬಳು. ಒಳ್ಳೆಯ ಅಂಕಗಳನ್ನು ಪಡೆದಿದ್ದಳು.

"ಕಾಕಾ, ನೀವು ಹೇಳಿದ್ದೆಲ್ಲಾ ಖರೆ ಐತ್ರಿ. ಆದ್ರ ಅಡಗಿ, ಕಸಾ, ಭಾಂಡೆ ನಾ ಐದನೇತ್ತಾಗ ಇದ್ದಾಗಿಂದ ಮಾಡ್ಕೋತ ಬಂದೀನ್ರಿ. ಇದನ್ನ ನಮ್ಮಣ್ಣಗ ಹೇಳ್ರಿ. ಅಂವಾ ಉಂಡ ತಾಟ ಎತ್ತಂಗಿಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ. ಕೈಯಲ್ಲಿದ್ದ ಪಾಕೀಟನ್ನು ತೋರಿಸಿ, "ಇನ್ನೊಂದ ಕೇಳ್ತೀನ್ರಿ. ಯಾರ ಮುಂದೂ ಕೈ ಚಾಚಬಾರ್ದು ಅಂದ್ರಿ. ಹಂಗಂದ್ರ ಇದನ್ನ ತಿರುಗಿ ಕೊಡ್ಲೇನ್ರಿ?" ಎಂದಳು.

ಕೇಳಿದ ರೀತಿಯಲ್ಲಿ ಉದ್ಧಟತನ ಲವಲೇಶವೂ ಇರಲಿಲ್ಲ. ಅವಳಿಗೆ ನಿಜವಾಗಿಯೂ ಉತ್ತರ ಬೇಕಾಗಿತ್ತು. ತಂದೆ ಅಲ್ಪ ಭೂಮಿಯ ಒಕ್ಕಲಿಗರು. ಆ ಪಾಕೀಟಿನ ಹಣ ಅವರ ಮನೆಗೆ ಸಣ್ಣದಾಗಿರಲಿಲ್ಲ. 'ಆಮೇಲೆ ಹೇಳುತ್ತೇನೆ ಮಗಳೇ' ಎಂದು ನುಣುಚಿಕೊಂಡೆ. ಆದರೆ ಆ ರಾತ್ರಿ ನಿದ್ರೆ ಬರಲಿಲ್ಲ. ಅರವತ್ತನ್ನು ದಾಟಿದ ಮನುಷ್ಯನು ವರ್ಷವರ್ಷವೂ ಹೇಳುತ್ತ ಬಂದ ಕಥೆಯನ್ನು ತಾನೇ ಮೊದಲ ಬಾರಿಗೆ ಕೇಳಿಸಿಕೊಂಡಂತಾಯಿತು. ಆ ಕಥೆಯನ್ನು, ಇಷ್ಟು ವರ್ಷ ಬಿಟ್ಟು ಹೇಳಿದ ಭಾಗದೊಡನೆ, ಇಲ್ಲಿ ಬರೆಯುತ್ತಿದ್ದೇನೆ.

ನಾನು ಎಸ್.ಎಸ್.ಎಲ್.ಸಿ. ಮುಗಿಸಿದ್ದು 1976ರಲ್ಲಿ. ಈಗಿನಂತೆ ಫಲಿತಾಂಶ ಮೊಬೈಲಿನಲ್ಲಿ ಬರುವ ಕಾಲ ಅದಲ್ಲ. ಪತ್ರಿಕೆಯಲ್ಲಿ ಬರುತ್ತಿತ್ತು, ಅದರಲ್ಲಿ ಹೆಸರಿಲ್ಲ, ಅಂಕಗಳಿಲ್ಲ, ಬರಿಯ ನಂಬರುಗಳು. ಮೀಟರ್ ಗೇಜಿನ ಗಾಡಿ ಬರುವುದನ್ನು ಕಾಯುತ್ತ ಉಗಾರದ ಸ್ಟೇಶನ್ನಿನಲ್ಲಿ ಏಳೆಂಟು ಹುಡುಗರು ನಿಂತಿದ್ದೆವು. ಸಕ್ಕರೆ ಕಾರಖಾನೆಯ ಭೋಂಗಾ ಕೂಗಿದ್ದೂ, ಗಾಡಿ ಬಂದದ್ದೂ, ನನ್ನ ನಂಬರು ಬೆರಳಿಗೆ ಸಿಕ್ಕಿದ್ದೂ ಒಂದೇ ಗಳಿಗೆಯಲ್ಲಿ ಎಂದು ಈಗಲೂ ನೆನಪಾಗುತ್ತದೆ. ನೆನಪು ಇಂಥ ಜೋಡಣೆಗಳನ್ನು ಮಾಡಿಕೊಳ್ಳುತ್ತದೆ. ಓಡುತ್ತ ಅಂಗಡಿಗೆ ಬಂದೆ. ತಂದೆಯವರು ಗಿರಾಕಿಗೆ ಬೆಲ್ಲ ತೂಗಿ ಕೊಟ್ಟು, ರೋಜಕೀರ್ದಿಯಲ್ಲಿ ಬರೆದು, ಲೇಖನಿಯನ್ನು ಕೆಳಗಿಟ್ಟು ಆಮೇಲೆ ತಲೆ ಎತ್ತಿದರು. "ಪಾಸಾದೆ? ಚಲೋ ಆತು. ತಕ್ಕಡಿ ಒರಸು, ಬೆಲ್ಲಾ ಹತ್ತೈತಿ" ಎಂದರು. ಇರುವೆ ಬರಬಾರದು, ಬಂದರೆ ಬಟ್ಟಿನ ಕೆಳಗೆ ಸಾಯುತ್ತದೆ. ಅವರ ಅಹಿಂಸಾ ಬೋಧೆಯೆಲ್ಲ ಇಂಥ ಮಾತುಗಳಲ್ಲಿಯೇ ಇರುತ್ತಿತ್ತು.

ಮುಂದಿನ ಕಲಿಕೆಗೆ ಬೆಳಗಾವಿಗೆ ಕಳುಹಿಸಿದರು. ನಮ್ಮ ಸಮಾಜದ ಒಂದು ಬೋರ್ಡಿಂಗಿನಲ್ಲಿ ಸ್ಥಳ ಸಿಕ್ಕಿತು. ತಗಡಿನ ಪೆಟ್ಟಿಗೆ, ಹಾಸಿಗೆಯ ಸುರುಳಿ, ಇವುಗಳೊಡನೆ ತಂದೆಯವರು ಒಂದು ಸಣ್ಣ ಕೀರ್ದಿ ಪುಸ್ತಕವನ್ನು ಕೊಟ್ಟರು. ಪೈಸೆ ಪೈಸೆಯ ಖರ್ಚನ್ನು ಅದರಲ್ಲಿ ಬರೆದು ತಿಂಗಳ ಕೊನೆಗೆ ನಕಲು ತೆಗೆದು ಅಂಚೆಯಲ್ಲಿ ಕಳುಹಿಸಬೇಕೆಂದು ಆಜ್ಞೆಯಾಯಿತು.

ಆ ಕಾಲದ ಬೋರ್ಡಿಂಗುಗಳನ್ನು ಬಲ್ಲವರಿಗೆ ದಿನಚರಿಯನ್ನು ವಿವರಿಸಬೇಕಾಗಿಲ್ಲ. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದು, ಸ್ನಾನ, ಬಸದಿ, ಅಭ್ಯಾಸ. ತನ್ನ ಬಟ್ಟೆಯನ್ನು ತಾನೇ ಒಗೆಯಬೇಕು, ತನ್ನ ತಾಟನ್ನು ತಾನೇ ತೊಳೆಯಬೇಕು. ಸರದಿಯಂತೆ ಕಸ ಗುಡಿಸುವುದು, ಬಡಿಸುವುದು, ಬಾವಿಯಿಂದ ನೀರು ಸೇದಿ ಇಮ್ಮಡಿ ಅರಿವೆಯಲ್ಲಿ ಸೋಸುವುದು. ಸೋಸಿದ ಮೇಲೆ ಅರಿವೆಯನ್ನು ತಿರುವಿ, ಅದರಲ್ಲಿ ನಿಂತ ಜೀವಗಳಿಗೆ ಹಾನಿಯಾಗದಂತೆ ಅದೇ ಬಾವಿಯ ನೀರಿಗೆ ಬಿಡುವುದು. ಈ ಕಡೆಯ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಅವಸರದವರಿಗೆ ಆಗದ ಕೆಲಸ ಅದು.

ಹದಿನಾರು ವರ್ಷದ ನನಗೆ ಇವುಗಳಲ್ಲಿ ಒಂದೂ ಬರುತ್ತಿರಲಿಲ್ಲ. ಮನೆಯಲ್ಲಿ ಅವ್ವ ಇದ್ದಳು, ಅಕ್ಕಂದಿರಿದ್ದರು. ನಾನು ತಕ್ಕಡಿ ಒರಸಬಲ್ಲವನಾಗಿದ್ದೆ, ಲೆಕ್ಕ ಕೂಡಿಸಬಲ್ಲವನಾಗಿದ್ದೆ. ಒಂದು ಅಂಗಿಯನ್ನು ಒಗೆಯಲಾರದವನಾಗಿದ್ದೆ. ನನ್ನದೇ ವರ್ಗದ ಇನ್ನೊಬ್ಬ ಹುಡುಗನಿದ್ದ. ಕೃಷ್ಣಾ ತೀರದ ಹಳ್ಳಿಯವನು, ಬಡವರ ಮನೆಯವನು. ನಾನು ಅವನೊಡನೆ ಒಂದು ಒಪ್ಪಂದ ಮಾಡಿಕೊಂಡೆ. ವಾರಕ್ಕೆ ಒಂದು ರೂಪಾಯಿ. ಅವನು ನನ್ನ ಬಟ್ಟೆಗಳನ್ನು ಒಗೆಯಬೇಕು, ನನ್ನ ನೀರಿನ ಸರದಿಯನ್ನೂ ಮಾಡಬೇಕು. ಅವನು ಒಪ್ಪಿದ. ಉಳಿದ ತೊಂದರೆ ಕೀರ್ದಿಯದು. 'ಬಟ್ಟೆ ಒಗೆಸಿದ್ದು' ಎಂದು ಬರೆಯುವಂತಿರಲಿಲ್ಲ. 'ಶಾಯಿ' ಎಂದು ಬರೆದೆ. ವಾರವಾರವೂ ಶಾಯಿ, ಒಂದು ರೂಪಾಯಿ.

ಮೂರನೆಯ ತಿಂಗಳು ತಂದೆಯವರಿಂದ ಕಾರ್ಡು ಬಂತು. ಊರ ಕ್ಷೇಮ, ಮಳೆ, ಅಕ್ಕನ ಹೆರಿಗೆ, ಎಲ್ಲ ಬರೆದು ಕೊನೆಗೆ, ನಿನ್ನ ಶಾಯಿಯ ಖರ್ಚು ನೋಡಿದರೆ ನೀನು ಯಾವುದೋ ಮಹಾಗ್ರಂಥವನ್ನು ರಚಿಸುತ್ತಿರುವಂತೆ ಕಾಣುತ್ತದೆ, ಮುಗಿದ ಮೇಲೆ ನಮಗೂ ತೋರಿಸು, ಎಂದಿತ್ತು.

ಅದಾದ ಎಂಟು ದಿನಕ್ಕೆ ರವಿವಾರ ಪೇಟೆಯಲ್ಲಿ ಮಾಲು ಖರೀದಿಗೆಂದು ಬಂದವರು ಬೋರ್ಡಿಂಗಿಗೂ ಬಂದರು. ಮುಂಜಾನೆಯ ಹೊತ್ತು. ಒಗೆಯುವ ಕಲ್ಲಿನ ಮೇಲೆ ಆ ಹುಡುಗ ನನ್ನ ಅಂಗಿಯನ್ನು ಇಟ್ಟುಕೊಂಡು ಸಾಬೂನು ತಿಕ್ಕುತ್ತಿದ್ದ. ಅಂಗಿಯನ್ನು ಹೊಲಿಸಿದವರು ತಂದೆಯವರೇ. ಗುರುತು ಹಿಡಿಯುವುದು ತಡವಾಗಲಿಲ್ಲ. ಏನೊಂದೂ ಅನ್ನಲಿಲ್ಲ. ಹುಡುಗನ ಹೆಸರು, ಊರು ಕೇಳಿದರು. ಕೈಯಲ್ಲಿನ ಚೀಲವನ್ನು ಬದಿಗಿಟ್ಟು, ಧೋತರದ ಕಚ್ಚೆಯನ್ನು ಮೇಲೆ ಸಿಕ್ಕಿಸಿ, ಅವನ ಕೈಯಿಂದ ಅಂಗಿಯನ್ನು ತೆಗೆದುಕೊಂಡು ತಾವೇ ಒಗೆಯತೊಡಗಿದರು. ಬೋರ್ಡಿಂಗಿನ ಹುಡುಗರೆಲ್ಲ ನೋಡುತ್ತಿದ್ದರು. ಎರಡು ಅಂಗಿ, ಒಂದು ಪಾಯಿಜಾಮ, ಒಂದು ಪಂಚೆ. ಹಿಂಡಿ, ಝಾಡಿಸಿ, ತಂತಿಯ ಮೇಲೆ ಹಾಕಿದರು. ಆ ಹುಡುಗನಿಗೆ ಆ ವಾರದ ರೂಪಾಯಿಯನ್ನು ಕೊಟ್ಟರು. ನನಗೆ, "ಕೀರ್ದ್ಯಾಗ ಸುಳ್ಳ ಬರೀಬ್ಯಾಡ" ಎಂದಷ್ಟೇ ಹೇಳಿ ಗಾಡಿಗೆ ಹೊರಟುಹೋದರು.

ಅಂದಿನಿಂದ ಇಂದಿನವರೆಗೆ ನನ್ನ ಬಟ್ಟೆಯನ್ನು ನಾನೇ ಒಗೆದುಕೊಳ್ಳುತ್ತೇನೆ. ನನ್ನ ಭಾಷಣದಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ಚಪ್ಪಾಳೆ ಬೀಳುವುದೂ ಇಲ್ಲಿಯೇ.

ನಾನು ಎಂದೂ ಹೇಳದೇ ಇದ್ದ ಭಾಗ ಇಷ್ಟು: ಆ ಹುಡುಗ ದೀಪಾವಳಿಯ ಸೂಟಿಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ಅವನ ಕಾಟು ಜನವರಿಯವರೆಗೆ ಖಾಲಿ ಇತ್ತು, ಆಮೇಲೆ ಬೇರೆಯವನು ಬಂದ. ವಾರಕ್ಕೊಂದು ರೂಪಾಯಿ ನನಗೆ ಶಾಯಿಯ ಖರ್ಚಾಗಿತ್ತು. ಅವನಿಗೆ ಅದು ಬಹುಶಃ ಪುಸ್ತಕವಾಗಿತ್ತು, ಊರಿಗೆ ಹೋಗುವ ಬಸ್ಸಿನ ಹಣವಾಗಿತ್ತು. ನಾನು ಸ್ವಾವಲಂಬಿಯಾದ ದಿನ ಅವನ ಸಂಪಾದನೆ ನಿಂತಿತು. ಹದಿನಾರನೆಯ ವಯಸ್ಸಿನಲ್ಲಿ ಸ್ವಂತ ಕೈಯಿಂದ ದುಡಿದು ಕಲಿಯುತ್ತಿದ್ದವನು ಅವನು. ಸ್ವಾವಲಂಬನೆಯ ಭಾಷಣ ಮಾಡುವವನು ಮಾತ್ರ ನಾನಾದೆ. ಇಚಲಕರಂಜಿಗೆ ಹೋಗಿ ಯಂತ್ರಮಗ್ಗ ಸೇರಿದನೆಂದು ಯಾರೋ ಹೇಳಿದ್ದರು. ವ್ಯಾಪಾರದ ನಿಮಿತ್ತ ಇಚಲಕರಂಜಿಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಹುಡುಕಲಿಲ್ಲ.

ಭಾವುರಾವ ಪಾಟೀಲರ ವಿಷಯದಲ್ಲಿಯೂ ನಾನು ಹೀಗೆಯೇ ಅರ್ಧವನ್ನು ಹೇಳುತ್ತ ಬಂದಿದ್ದೆ. ಹೇಳುತ್ತಿದ್ದುದೆಲ್ಲ ಸತ್ಯವೇ. 1887ರ ಸೆಪ್ಟೆಂಬರ್ 22ರಂದು ಕುಂಭೋಜದ ಜೈನ ಮನೆತನದಲ್ಲಿ ಹುಟ್ಟಿದರು, ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದು ರಾಜಾರಾಮ ಹೈಸ್ಕೂಲಿನಲ್ಲಿ ಕಲಿತರು, ಮೆಟ್ರಿಕ್ ಮುಗಿಸಲಿಲ್ಲ, ಕಿರ್ಲೋಸ್ಕರರ ನೇಗಿಲುಗಳನ್ನು ಊರೂರು ತಿರುಗಿ ಮಾರಿದರು. ಸ್ವತಃ ಹೈಸ್ಕೂಲು ಮುಗಿಸದ ಈ ಮನುಷ್ಯ 1919ರ ಅಕ್ಟೋಬರ್ 4ರಂದು ಕರಾಡದ ಹತ್ತಿರದ ಕಾಲೆ ಗ್ರಾಮದಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, 1924ರಲ್ಲಿ ಅದನ್ನು ಸಾತಾರೆಗೆ ತಂದು, ಎಲ್ಲ ಜಾತಿಯ ಮಕ್ಕಳನ್ನು ಒಂದೇ ವಸತಿಗೃಹದಲ್ಲಿ ಇರಿಸಿದರು. ಮಕ್ಕಳೇ ಅಡಿಗೆ ಮಾಡುವುದು, ಹೊಲದಲ್ಲಿ ದುಡಿಯುವುದು, ದುಡಿದು ಕಲಿಯುವುದು. 1927ರಲ್ಲಿ ಗಾಂಧೀಜಿಯವರು ಬಂದು ಆ ವಸತಿಗೃಹಕ್ಕೆ ಛತ್ರಪತಿ ಶಾಹೂ ಮಹಾರಾಜರ ಹೆಸರನ್ನಿಟ್ಟರು. 1947ರಲ್ಲಿ ಸಾತಾರೆಯಲ್ಲಿ ತೆರೆದ ಛತ್ರಪತಿ ಶಿವಾಜಿ ಕಾಲೇಜಿನಲ್ಲಿಯೂ ಗಳಿಸುತ್ತ ಕಲಿಯುವ ಪದ್ಧತಿಯನ್ನು ತಂದರು. 1959ರಲ್ಲಿ ಪದ್ಮಭೂಷಣ, ಅದೇ ವರ್ಷದ ಮೇ 9ರಂದು ದೇಹಾವಸಾನ. ಇಷ್ಟನ್ನು ಹೇಳಿ ನಾನು ಕುಳಿತುಬಿಡುತ್ತಿದ್ದೆ.

ಬಿಟ್ಟದ್ದು ಲಕ್ಷ್ಮೀಬಾಯಿಯವರನ್ನು. ವಸತಿಗೃಹದಲ್ಲಿ ಮಕ್ಕಳ ಊಟಕ್ಕೆ ಧಾನ್ಯವಿಲ್ಲದ ದಿನ ಅವರು ತಮ್ಮ ಆಭರಣಗಳನ್ನು ಒಂದೊಂದಾಗಿ ಕೊಟ್ಟರು. ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. ಕಟ್ಟಾ ಜೈನ ಸಂಸ್ಕಾರದಲ್ಲಿ ಬೆಳೆದ ಗೃಹಿಣಿ ಎಲ್ಲ ಜಾತಿಯ ಮಕ್ಕಳಿಗೆ ತಾಯಿಯಾಗಿ ನಿಂತು, 1930ರಲ್ಲಿಯೇ ತೀರಿಕೊಂಡರು. ಸಂಸ್ಥೆಯ ಮುಂದಿನ ಬೆಳವಣಿಗೆಯನ್ನು ಅವರು ಕಾಣಲಿಲ್ಲ. ಸ್ವಾವಲಂಬಿ ಶಿಕ್ಷಣವೆಂದು ನಾವು ಹೆಮ್ಮೆಯಿಂದ ಹೇಳುವ ಆ ಮಹಾವೃಕ್ಷದ ಬೇರಿನಲ್ಲಿ ಒಬ್ಬ ಹೆಣ್ಣುಮಗಳ ಮಾಂಗಲ್ಯವಿದೆ. ಅದನ್ನು ಬಿಟ್ಟು ನಾನು ಮಕ್ಕಳಿಗೆ 'ಯಾರಿಂದಲೂ ಏನನ್ನೂ ತೆಗೆದುಕೊಳ್ಳಬೇಡಿರಿ' ಎಂಬ ತಾತ್ಪರ್ಯವನ್ನು ಹೊರಡಿಸಿದ್ದೆ! ಭಾವುರಾಯರು ತಮ್ಮ ಮಕ್ಕಳಿಗೆ ಹಾಗೆ ಕಲಿಸಿದಂತೆ ಎಲ್ಲಿಯೂ ಕಾಣುವುದಿಲ್ಲ. ಅವರು ಸ್ವತಃ ಊರೂರು ತಿರುಗಿ ಜನರಿಂದ ನೆರವನ್ನು ಬೇಡಿದವರು. ತನ್ನ ಕೈಯಿಂದಾಗುವ ಕೆಲಸವನ್ನು ಇನ್ನೊಬ್ಬರ ಮೇಲೆ ಹೊರಿಸಬಾರದು ಎಂಬುದು ಅವರ ವಸತಿಗೃಹದ ಪಾಠ. ನೆರವನ್ನು ಸ್ವೀಕರಿಸಬಾರದೆಂಬುದು ನಾನು ಸೇರಿಸಿದ ಮಾತು.

ನಮ್ಮ ಕಡೆಯವರೇ ಆದ ಡಾ. ಆ. ನೇ. ಉಪಾಧ್ಯೆಯವರನ್ನು ನೋಡಿರಿ. 1906ರಲ್ಲಿ ಸದಲಗಾದಲ್ಲಿ ಹುಟ್ಟಿ, ಊರಿನಲ್ಲಿ ಪ್ರಾಥಮಿಕ ಶಿಕ್ಷಣ ಮುಗಿಸಿ, ಹೈಸ್ಕೂಲಿಗೆ ಬೆಳಗಾವಿಯ ಗಿಲಗಂಚಿ ಅರಟಾಳ ಶಾಲೆಗೆ ಹೋದರು. ಮುಂದೆ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾಗಿದ್ದುಕೊಂಡು 'ಪ್ರವಚನಸಾರ', 'ಪರಮಾತ್ಮಪ್ರಕಾಶ', 'ಕುವಲಯಮಾಲಾ' ಮುಂತಾದ ಗ್ರಂಥಗಳನ್ನು ಸಂಪಾದಿಸಿ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ವಿದ್ವಾಂಸರು. ಪ್ರಾಕೃತದ ಆ ಅಗಾಧ ಪಾಂಡಿತ್ಯ ಅವರ ಸ್ವಂತ ಪರಿಶ್ರಮದಿಂದ ಬಂದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸದಲಗಾದ ಜೈನ ಬಾಲಕನೊಬ್ಬ ಕುಳಿತು ಕಲಿತ ಆ ಹೈಸ್ಕೂಲು ಲಿಂಗಾಯತ ಮಹನೀಯರ ಹೆಸರನ್ನು ಹೊತ್ತದ್ದು. ನೆರಳು ಕೊಟ್ಟ ಮರ ಇನ್ನೊಬ್ಬರ ಅಂಗಳದ್ದಾಗಿತ್ತು.

ಧರ್ಮದೃಷ್ಟಿಯಿಂದ ವಿಚಾರಿಸಿದಾಗಲೂ ಇದೇ ಕಾಣುತ್ತದೆ. ನಮ್ಮದು ಶ್ರಮಣ ಪರಂಪರೆ. ಕರ್ಮವನ್ನು ಕಟ್ಟಿಕೊಂಡವನೂ ತಾನೇ, ಬಿಡಿಸಿಕೊಳ್ಳಬೇಕಾದವನೂ ತಾನೇ. ಕೃಪೆ ಮಾಡಿ ದಾಟಿಸುವ ದೇವರು ನಮ್ಮಲ್ಲಿಲ್ಲ. ಸ್ವಾವಲಂಬನೆಯನ್ನು ಇಷ್ಟು ಕಠೋರವಾಗಿ ಹೇಳಿದ ದರ್ಶನ ಅಪರೂಪ. ದಿಗಂಬರ ಮುನಿಗಳು ಕೇಶಲೋಚವನ್ನು ತಮ್ಮ ಕೈಯಿಂದಲೇ ಮಾಡಿಕೊಳ್ಳುತ್ತಾರೆ. ಕತ್ತರಿಗೆ, ಕ್ಷೌರಿಕನಿಗೆ, ಅವನಿಗೆ ಕೊಡುವ ಕಾಸಿಗೆ ಇನ್ನೊಬ್ಬರನ್ನು ಯಾಚಿಸುವ ದೈನ್ಯ ಬೇಡವೆಂಬುದು ಅದರ ಒಂದು ಕಾರಣ. ಆದರೆ ಅದೇ ಮುನಿಗಳು ದಿನಕ್ಕೊಂದು ಸಲ ಶ್ರಾವಕನ ಬಾಗಿಲಿಗೆ ಬಂದು, ನಿಂತು, ಎರಡೂ ಅಂಗೈಗಳನ್ನು ಜೋಡಿಸಿ ಆಹಾರವನ್ನು ಸ್ವೀಕರಿಸುತ್ತಾರೆ. ಬೇಡುವುದಿಲ್ಲ, ಇಂಥದ್ದೇ ಬೇಕೆನ್ನುವುದಿಲ್ಲ, ತಮಗಾಗಿಯೇ ಮಾಡಿಸಿದ್ದನ್ನು ಒಲ್ಲರು. ಹೂವಿಗೆ ನೋವಾಗದಂತೆ ದುಂಬಿಯು ಮಧುವನ್ನು ತೆಗೆದುಕೊಂಡ ಹಾಗೆ, ಎಂದು ಶಾಸ್ತ್ರಕಾರರು ಅದಕ್ಕೆ ಭ್ರಾಮರಿ ವೃತ್ತಿಯೆಂದು ಹೆಸರಿಟ್ಟಿದ್ದಾರೆ. ಕೊಡುವ ಶ್ರಾವಕನು ಮೊದಲು ಪಾದ ತೊಳೆದು, ನಮಸ್ಕರಿಸಿ, ಆಮೇಲೆ ಕೊಡುತ್ತಾನೆ. ಇಲ್ಲಿ ತಲೆ ಬಾಗುವವನು ಕೊಡುವವನು. ನಮ್ಮ ಭೋಜ ಗ್ರಾಮದಲ್ಲಿ ಬೆಳೆದ ಆಚಾರ್ಯ ಶಾಂತಿಸಾಗರ ಮಹಾರಾಜರು ಮರುಜೀವ ನೀಡಿದ ಮುನಿಚರ್ಯೆಯಲ್ಲಿ ಈ ಎರಡೂ ಒಟ್ಟಿಗೇ ಇವೆ: ಕೇಶಲೋಚವೂ ಇದೆ, ಜೋಡಿಸಿದ ಅಂಗೈಗಳೂ ಇವೆ. 'ತತ್ತ್ವಾರ್ಥಸೂತ್ರ'ದ ಐದನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಜೀವಗಳು ಒಂದಕ್ಕೊಂದು ಉಪಕಾರ ಮಾಡುವುದನ್ನೇ ಜೀವದ್ರವ್ಯದ ಉಪಕಾರವೆಂದು ಹೇಳಿದ್ದಾರೆ; ಆ ಸೂತ್ರ ಇಂದು ನಮ್ಮ ಧ್ವಜ, ಲಾಂಛನಗಳ ಕೆಳಗೆಲ್ಲ ಅಚ್ಚಾಗುತ್ತದೆ. (ಉಪಾದಾನ ದೊಡ್ಡದೋ ನಿಮಿತ್ತ ದೊಡ್ಡದೋ ಎಂಬ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ. ನಮ್ಮ ಸ್ವಾಧ್ಯಾಯ ಮಂಡಳಿಯಲ್ಲಿ ಆ ಚರ್ಚೆಯಿಂದ ಇಬ್ಬರು ಸದ್ಗೃಹಸ್ಥರು ಆರು ತಿಂಗಳು ಮಾತು ಬಿಟ್ಟಿದ್ದರು.)

ಇನ್ನು ನನ್ನ ವಿದ್ಯೆಯ ಕಡೆಯಿಂದ ಒಂದು ಮಾತು. ಬಿ.ಕಾಂ. ಮೊದಲ ವರ್ಷದಲ್ಲಿ ಅಢಾವೆ ಪತ್ರಿಕೆ ಬರೆಯುವುದನ್ನು ಕಲಿಯುವಾಗ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಕಡೆ ಎಡವುತ್ತಾನೆ. ವ್ಯಾಪಾರಿಯು ತಾನೇ ಹಾಕಿದ ಬಂಡವಾಳವನ್ನು ಯಾವ ಬದಿಗೆ ಬರೆಯಬೇಕು? ಆಸ್ತಿಯ ಬದಿಗೆಂದು ಎಲ್ಲರಿಗೂ ತೋರುತ್ತದೆ. ಅಲ್ಲ, ಹೊಣೆಯ ಬದಿಗೆ. ಪೇಢಿಯೇ ಬೇರೆ, ಮಾಲಕನೇ ಬೇರೆ. ಪೇಢಿಯು ಆ ಹಣವನ್ನು ಮಾಲಕನಿಂದ ಪಡೆದಿದೆ, ಆದ್ದರಿಂದ ಅದು ಪೇಢಿಯ ಮೇಲಿನ ಋಣ. ಇದನ್ನು ನಾನು ಪರೀಕ್ಷೆಯಲ್ಲಿ ಸರಿಯಾಗಿ ಬರೆದೆ, ನಲವತ್ತು ವರ್ಷ ಅಂಗಡಿಯ ಲೆಕ್ಕದಲ್ಲಿಯೂ ಸರಿಯಾಗಿ ಬರೆದೆ. ನನ್ನ ಸ್ವಂತ ಲೆಕ್ಕದಲ್ಲಿ ಮಾತ್ರ ತಪ್ಪು ಬದಿಗೆ ಬರೆದುಕೊಂಡಿದ್ದೆ. ಅವ್ವ ಮಾಡಿಟ್ಟ ರೊಟ್ಟಿ, ತಂದೆಯವರ ಗಾದಿ, ಬೋರ್ಡಿಂಗಿಗೆ ದಾನ ಕೊಟ್ಟ ಯಾರೋ ಪೂರ್ವಿಕರ ಜಮೀನು, ಆ ಹುಡುಗ ನನ್ನ ಪಾಲಿಗೆ ಸೋಸಿದ ನೀರು, ಎಲ್ಲವನ್ನೂ ನನ್ನ ಆಸ್ತಿಯೆಂದು ತೋರಿಸಿ ಕೆಳಗೆ 'ಸ್ವಾವಲಂಬಿ' ಎಂದು ಸಹಿ ಹಾಕಿದ್ದೆ.

ತಪ್ಪು ನನ್ನೊಬ್ಬನ ಮನೆಯೊಳಗೆ ಉಳಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಹಿಂದೆ ಕೆಲವು ವರ್ಷ ನಾನು ವಿದ್ಯಾನಿಧಿಯ ಖಜಾಂಚಿಯಾಗಿದ್ದೆ. ಆಗ ಒಂದು ನಿಯಮವನ್ನು ತಂದೆ. ನೆರವು ಬೇಡುವ ವಿದ್ಯಾರ್ಥಿಯು ತಂದೆಯೊಡನೆ ಕಮಿಟಿಯ ಮುಂದೆ ಬಂದು ನಿಂತು ತನ್ನ ಅಡಚಣೆಯನ್ನು ಹೇಳಬೇಕು, ಮುದ್ರಾಂಕದ ಕಾಗದದ ಮೇಲೆ ಮರುಪಾವತಿಯ ಕರಾರು ಬರೆದುಕೊಡಬೇಕು. ಪುಕ್ಕಟೆ ಹಣ ಮನುಷ್ಯನನ್ನು ಕೆಡಿಸುತ್ತದೆ ಎಂಬುದು ನನ್ನ ವಾದ. ಅರ್ಜಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ವಾರ್ಷಿಕ ವರದಿಯಲ್ಲಿ ನಾನೇ ಬರೆದೆ: 'ಸಮಾಜದಲ್ಲಿ ಸ್ವಾವಲಂಬನೆಯ ಭಾವನೆ ಬೆಳೆಯುತ್ತಿರುವುದು ಸಂತೋಷದ ಸಂಗತಿ.' ಅರ್ಜಿ ಹಾಕದೇ ಉಳಿದ ಮಕ್ಕಳು ಎಲ್ಲಿಗೆ ಹೋದರೆಂದು ಯಾರೂ ಕೇಳಲಿಲ್ಲ. ಕಾಟು ಖಾಲಿಯಾದಾಗ ಕೇಳದೇ ಇದ್ದವನು ಅರ್ಜಿ ನಿಂತಾಗ ಕೇಳುವನೇ? ಈ ಪತ್ರಿಕೆಯನ್ನು ಓದುವ ವಿಶ್ವಸ್ಥ ಮಂಡಳಿಗಳ ಸದಸ್ಯರು ತಮ್ಮ ಹಳೆಯ ವರದಿಗಳನ್ನೊಮ್ಮೆ ತೆಗೆದು ನೋಡಬೇಕೆಂದು ವಿನಂತಿ.

ಆ ಬಾಲಕಿ ಕೇಳಿದ ಮೇಲೆ ನಾನು ಮೊದಲು ಮಾಡಿದ ಕೆಲಸ ಆ ಹಳೆಯ ಗೆಳೆಯನ ಊರಿಗೆ ಹೋದದ್ದು. ಅವನ ಅಣ್ಣನ ಮಗ ಸಿಕ್ಕ; ಇಚಲಕರಂಜಿಯ ನಂಬರು ಕೊಟ್ಟ. ಫೋನು ಮ್ಯಾಡಲು ನನಗೆ ಹನ್ನೊಂದು ದಿನ ಬೇಕಾಯಿತು. ಗುರುತು ಹೇಳಿದೊಡನೆ ನೆನಪು ಹಿಡಿದ. ಮಕ್ಕಳು, ಮೊಮ್ಮಕ್ಕಳು, ಮಂಡಿನೋವು, ಮಳೆ. ಕಡೆಗೆ ನಾನು ಆ ಒಂದು ರೂಪಾಯಿಯ ಮಾತನ್ನು ತೆಗೆದೆ. "ಇಲ್ರಿ ಸಾವಕಾರ, ಅದರ ಸಲುವಾಗಿ ಅಲ್ರಿ. ಆ ವರ್ಷ ನಮ್ಮ ಎತ್ತ ಸತ್ತಿತ್ತು. ಅಪ್ಪಗ ಕೈಗೆ ಜೋಡ ಬೇಕಾಗಿತ್ತು" ಎಂದ. ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ ತಿಳಿಯಲಿಲ್ಲ. ಬೋರ್ಡಿಂಗಿನಲ್ಲಿ ನನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದ. ತಂದೆಯವರು ತೀರಿಕೊಂಡ ವಿಷಯ ಹೇಳಿದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಅಪ್ಪಾರು ಅಂಗಿ ಭಾಳ ಚಲೋ ಒಗದಿದ್ರು" ಎಂದ.

ಆಮೇಲೆ ಕಮಿಟಿಯ ಸಭೆ. ಕರಾರಿನ ಕಾಗದವನ್ನು ತೆಗೆಯಬೇಕು, ಯಾರನ್ನೂ ಮುಂದೆ ನಿಲ್ಲಿಸಬಾರದು, ನೆರವು ಪಡೆದವರ ಹೆಸರನ್ನು ಸಭೆಯಲ್ಲಿ ಓದಬಾರದು, ಅರ್ಜಿ ಬರದಿದ್ದರೆ ಕಮಿಟಿಯವರೇ ಶಾಲೆಗೆ ಹೋಗಿ ಯಾರು ಮುಂದೆ ಕಲಿಯುತ್ತಿಲ್ಲವೆಂದು ಕೇಳಿಕೊಂಡು ಬರಬೇಕು ಎಂದು ನಾನು ಸೂಚಿಸಿದೆ. ಬಸದಿಯ ಹಣವನ್ನು ವಿದ್ಯೆಗೆ ಬಳಸಬಹುದೇ ಎಂಬ ಹಳೆಯ ಆಕ್ಷೇಪ ಬಂತು. ದೇವರಿಗೆ ಅರ್ಪಿಸಿದ್ದು ನಿರ್ಮಾಲ್ಯ, ಅದನ್ನು ಮುಟ್ಟುವಂತಿಲ್ಲ. ವಿದ್ಯಾನಿಧಿ ಮೊದಲಿನಿಂದಲೂ ಬೇರೆ ಖಾತೆ, ಬೇರೆ ದಾನಿಗಳು ಎಂದು ಪುಸ್ತಕ ತೆರೆದು ತೋರಿಸಿದ ಮೇಲೆ ಶಾಂತವಾಯಿತು. ಆದರೆ ಇನ್ನೊಂದು ಸೂಚನೆಗೆ ಭಾರೀ ವಿರೋಧ ಬಂತು. ಸತ್ಕಾರದ ದಿನ ಉತ್ತೀರ್ಣರಾದ ಹುಡುಗರೇ ಪಂಗತಿಗೆ ಬಡಿಸಿ ಪಾತ್ರೆಗಳನ್ನು ತೊಳೆಯಬೇಕು, ಹುಡುಗಿಯರು ಮೊದಲನೆಯ ಪಂಗತಿಗೆ ಕೂಡ್ರಬೇಕು, ಎಂದಿದ್ದೆ. "ಶ್ರೀಫಲ ಕೊಟ್ಟ ಕೈಲೆ ಭಾಂಡೆ ತಿಕ್ಕಸ್ತೀರೇನು?" ಎಂದು ಹಿರಿಯರೊಬ್ಬರು ಸಿಟ್ಟಿಗೆದ್ದರು. ತಾಯಂದಿರೇ ಒಪ್ಪಲಾರರು ಎಂದು ಇನ್ನೊಬ್ಬರು. ಅವರ ಮಾತು ಸುಳ್ಳಾಗಲಿಲ್ಲ. ಇಬ್ಬರು ತಾಯಂದಿರು ಮರುದಿನವೇ ನನ್ನ ಮನೆಗೆ ಬಂದು ನನ್ನ ಹೆಂಡತಿಯೊಡನೆ ತಕರಾರು ಮಾಡಿದರು. ನನ್ನ ಹೆಂಡತಿ ಅವರಿಗೆ ಚಹಾ ಕೊಟ್ಟು, ಇವರಿಗೆ ಬಟ್ಟೆ ಒಗೆಯಲು ಕಲಿಸಿದವರು ಇವರ ಅಪ್ಪ, ಕಪ್ಪು-ಬಸಿ ತೊಳೆಯುವುದನ್ನು ಇನ್ನೂ ಯಾರೂ ಕಲಿಸಿಲ್ಲ, ಎಂದು ಹೇಳಿ ಕಳುಹಿಸಿದಳು. ನಾನು ಒಳಗೆ ಕುಳಿತು ಕೇಳಿಸಿಕೊಂಡೆ.

ಆ ಬಾಲಕಿಗೆ ನನ್ನ ಉತ್ತರವನ್ನು ಅವಳ ಮನೆಗೇ ಹೋಗಿ ಕೊಟ್ಟೆ. ಪಾಕೀಟನ್ನು ತಿರುಗಿ ಕೊಡಬೇಡ, ಒಂದು ವಹಿಯಲ್ಲಿ ಜಮಾ ಬರೆದಿಡು. ಯಾರಿಗೆ, ಯಾವಾಗ ತೀರಿಸಬೇಕೆಂಬುದನ್ನು ನಿನಗೇ ಬಿಟ್ಟಿದೆ, ಎಂದೆ. ಅವಳು ತಲೆಯಾಡಿಸಿದಳು. ವಹಿಯನ್ನು ತಾನು ಆ ವಾರವೇ ಹಾಕಿದ್ದಾಗಿ ಅವಳ ತಾಯಿಯಿಂದ ತಿಳಿಯಿತು. ನಾನು ಹೇಳುವ ಮೊದಲೇ! ಈಗ ಅಥಣಿಗೆ ಪಿ.ಯು.ಸಿ.ಗೆ ಹೋಗುತ್ತಾಳೆ. ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿಲ್ಲ, ಅದನ್ನೂ ಬರೆದಿಟ್ಟಿರಬೇಕು.

2025ರ ಸತ್ಕಾರದಲ್ಲಿ ನಾನು ಭಾಷಣ ಮಾಡಲಿಲ್ಲ. ಹುಡುಗರು ಬಡಿಸಿದರು, ಸಾರು ಎರಡು ಕಡೆ ಚೆಲ್ಲಿತು. ಊಟವಾದ ಮೇಲೆ ನಳದ ಹತ್ತಿರ ಸಾಲಾಗಿ ಕುಳಿತು ಪಾತ್ರೆ ತಿಕ್ಕತೊಡಗಿದರು. ನಾನೂ ಒಂದು ಕಡೆ ಕುಳಿತೆ. ಹತ್ತು ತಾಟುಗಳಿಗೆ ಸೊಂಟ ಹಿಡಿಯಿತು. ಆ ಬಾಲಕಿಯ ಅಣ್ಣನೂ ಅಲ್ಲಿದ್ದ. ಅವನು ಆ ವರ್ಷದ ಸತ್ಕಾರಾರ್ಥಿಯಲ್ಲ. ಯಾರು ಕರೆದರೋ ತಿಳಿಯದು. ಅವಳು ಊಟ ಮುಗಿಸಿ ಬಂದು, ತೊಳೆದು ಬೋರಲು ಹಾಕಿದ್ದ ಒಂದು ದೊಡ್ಡ ಪಾತೇಲಿಯ ಮುಂದೆ ನಿಂತಳು.

"ಕಾಕಾ, ತಳಾ ನೋಡ್ರಿ. ಒಳಗಷ್ಟ ತಿಕ್ಕ್ಯಾರ."

ನಾನು ನೋಡಿದೆ. ಮಸಿ ಹಾಗೆಯೇ ಇತ್ತು. ಅವಳ ಅಣ್ಣ ಏನೂ ಅನ್ನದೆ ಪಾತೇಲಿಯನ್ನು ಎತ್ತಿಕೊಂಡು ನಳದ ಕಡೆಗೆ ತಿರುಗಿ ಹೋದ.